ಹತ್ತು ಬಾಗಿಲಿನ ಚಿತ್ರ

ಮಂಗಳೂರಿನ ಮೊದಲ ಊಟದಲ್ಲೇ ಎಡವಿದೆ. ತಟ್ಟೆಯಲ್ಲಿ ಕೆಂಪಗೆ, ದಪ್ಪ ಕಾಳಿನ ಅನ್ನ. "ಅಕ್ಕಿ ಬೆಂದಿಲ್ಲರೀ," ಎಂದುಬಿಟ್ಟೆ. ದೇರೆಬೈಲಿನಲ್ಲಿ ನನಗೆ ಕೋಣೆ ಕೊಟ್ಟಿದ್ದ ಶೆಟ್ಟರ ಮನೆಯ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ಕುಚ್ಚಲಕ್ಕಿ ಮಾರಾಯ್ತಿ! ನಿನ್ನ ಧಾರವಾಡದಲ್ಲಿ ಎಂತ ತಿಂತಾರೆ?" ಜೋಳದ ರೊಟ್ಟಿ ಎಂದೆ. ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿತು.

ಎಪ್ಪತ್ತರ ದಶಕದ ಕೊನೆಯ ಮಾತಿದು. ಸಿಲೋನಿನ ಚಹಾ ತೋಟಗಳಿಂದ ವಾಪಸು ಕಳಿಸಲ್ಪಟ್ಟ ಕೆಲವು ತಮಿಳು ಕುಟುಂಬಗಳು ಕೂಳೂರಿನ ಸೇತುವೆಯ ಆಚೆ ಬಿಡಾರ ಹೂಡಿದ್ದವು. ಮನಶ್ಶಾಸ್ತ್ರ ಓದಿದ ನಾನು ಅವರ ಮಕ್ಕಳಿಗೆ ನೆರವಾಗಲು ಬಂದವಳು. ತುಳು ಬಾರದು, ಬೆವರು ನಿಲ್ಲದು, ಸಂಜೆಯಾದರೆ ಮಾತಿಗೆ ಜನವಿಲ್ಲ. ಪರದೇಶಿಯಾದೆನೆಂದು ಊರಿಗೆ ಪುಟಗಟ್ಟಲೆ ಬರೆಯುತ್ತಿದ್ದೆ. ಹಗಲೆಲ್ಲ ನಿರಾಶ್ರಿತರ ನಡುವೆ ಕುಳಿತು ಬಂದು ಹಾಗೆ ಬರೆಯುತ್ತಿದ್ದೆ!

ಮಕ್ಕಳಿಂದ ಮನೆಯ ಚಿತ್ರ ಬರೆಸುವುದು ನಮ್ಮ ಪರೀಕ್ಷೆಗಳಲ್ಲೊಂದು. ಎಂಟು ವರ್ಷದ ಸೆಲ್ವಿ ಹಾಳೆಯ ಈ ತುದಿಯಿಂದ ಆ ತುದಿಗೆ ಒಂದೇ ಗೋಡೆ ಎಳೆದಳು. ಅದಕ್ಕೆ ಹತ್ತು ಬಾಗಿಲು, ಕಿಟಕಿ ಒಂದೂ ಇಲ್ಲ. ಒಂದು ಬಾಗಿಲಿಗೆ ಮಾತ್ರ ಕಪ್ಪು ಬಳಿದಳು. ನನ್ನದೋ ಪುಸ್ತಕದ ಬದನೆಕಾಯಿ. ಸೆರೆಮನೆ, ಭಯ, ಗೊಂದಲ ಎಂದೆಲ್ಲ ಅರ್ಥ ಹಚ್ಚಿದೆ. ಅವಳನ್ನು ಒಂದು ಮಾತೂ ಕೇಳದೆ, ಬುದ್ಧಿಯ ಬೆಳವಣಿಗೆ ಕುಂಠಿತವೆಂದು ಶಾಲೆಗೆ ವರದಿ ಕೊಟ್ಟೆ. ಹೆಡ್‌ಮಾಸ್ಟರರು ಅವಳನ್ನು ಮೂರನೆಯ ತರಗತಿಯಿಂದ ಎಬ್ಬಿಸಿ ಒಂದನೆಯದರಲ್ಲಿ ಕೂರಿಸಿದರು.

ಏಕೆಂದು ಕೇಳಲು ಅವಳ ತಾಯಿ ಬರುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಗೇರುಬೀಜದ ಕಾರ್ಖಾನೆಯಲ್ಲಿ ರಜೆ ಸಿಗಬೇಕಲ್ಲ. ಕನ್ನಡವನ್ನೂ ಅಲ್ಲೇ ಕಲಿತವಳು. ನಾನು ಚಿತ್ರ ತೋರಿಸಿದೆ.

"ಇದು ನಮ್ಮ ಲೈನ್ ಅಲ್ವಾ ಅಮ್ಮ!" ಎಂದಳು. ತೋಟದ ಕೂಲಿಗಳಿಗೆಂದು ಒತ್ತೊತ್ತಾಗಿ ಕಟ್ಟಿದ ಸಾಲುಮನೆಗಳಿಗೆ ಅಲ್ಲಿ ಲೈನ್ ಎನ್ನುತ್ತಾರಂತೆ. "ಈ ಕಪ್ಪು ಬಾಗಿಲು ನಮ್ಮದು. ಇವಳ ಅಪ್ಪ ಡಾಂಬರು ಬಳಿದದ್ದು. ಎಷ್ಟು ಸರಿ ಬರೆದಿದ್ದಾಳೆ ನೋಡಿ."

ಅವಳ ಮುಖದಲ್ಲಿ ಹೆಮ್ಮೆಯಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಹೆಡ್‌ಮಾಸ್ಟರರ ಬಳಿಗೆ ಓಡಿದೆ. "ತಪ್ಪು ನಂದರೀ ಸರ್, ವರದಿ ತಿದ್ದಿ ಕೊಡ್ತೀನಿ."

"ಈಗ ಎಂತ ಮಾಡುದು ಮಾರಾಯ್ರೆ? ಪರೀಕ್ಷೆ ಹತ್ತಿರ ಬಂತು. ಬರುವ ಜೂನಿನಲ್ಲಿ ನೋಡುವ."

ಸೆಲ್ವಿ ಆ ವರ್ಷ ಪುಟ್ಟ ಮಕ್ಕಳ ಬೆಂಚಿನಲ್ಲೇ ಕಳೆದಳು. ನಾನು ಕ್ಷಮೆ ಕೇಳಲು ಹೋದಾಗ ತಾಯಿ ಜಗಳವಾಡಲಿಲ್ಲ. "ಅಲ್ಲಿ ನಮ್ಮನ್ನು ಇಂಡಿಯಾದವರು ಅಂತಿದ್ರು. ಇಲ್ಲಿ ಸಿಲೋನಿನವರು ಅಂತಾರೆ. ಅದು ಅಭ್ಯಾಸ ಆಗಿದೆ ಅಮ್ಮ. ಮಗಳಿಗೆ ಬುದ್ಧಿ ಇಲ್ಲ ಅಂತ ಮಾತ್ರ ಯಾರೂ ಹೇಳಿರಲಿಲ್ಲ."

ಈಗ ನನಗೆ ತುಳು ಬರುತ್ತದೆ. ಧಾರವಾಡಕ್ಕೆ ಹೋದರೆ ಅಲ್ಲಿಯವರು ಮಂಗಳೂರಿನವಳೆನ್ನುತ್ತಾರೆ, ಇಲ್ಲಿಯವರು ಘಟ್ಟದ ಮೇಲಿನವಳೆನ್ನುತ್ತಾರೆ. ಎರಡೂ ಕಡೆ ಸಲ್ಲದವಳಾದೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆ. ಬೇಡವೆನಿಸಿದ ದಿನ ನಾನು ಬಸ್ಸು ಹತ್ತಿ ಊರಿಗೆ ಹೋಗಬಹುದು. ಸೆಲ್ವಿಗೆ ಉಳಿದಿದ್ದದ್ದು ಹಾಳೆಯ ಮೇಲಿನ ಆ ಒಂದು ಬಾಗಿಲು. ಅದಕ್ಕೆ ನಾನು ರೋಗದ ಹೆಸರಿಟ್ಟೆ.