ಹೊಳೆದಂಡೆಯಲ್ಲಿ ಬಿಟ್ಟ ಚಪ್ಪಲಿ

೧೯೯೧ರ ದಸರಾ ಕಳೆದ ಮೇಲಿನ ಮಾತು. ನಾನು ಮದುವೆಯಾಗಿ ಮಧುರೆ ಹತ್ತಿರದ ಹಳ್ಳಿಗೆ ಬಂದು ಇನ್ನೂ ವರ್ಷವೂ ತುಂಬಿರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಸಂಜೆ ನಡೆಯಬೇಕೆಂದು ದೊಡ್ಡಬಳ್ಳಾಪುರದ ಡಾಕ್ಟರು ಹೇಳಿದ್ದರು. ಆದರೆ ಹಳ್ಳಿಯಲ್ಲಿ ಕೆಲಸವಿಲ್ಲದೆ ನಡೆಯುವ ಹೆಂಗಸನ್ನು ಕಂಡರೆ ಜನ ನಿಲ್ಲಿಸಿ ವಿಚಾರಿಸುತ್ತಾರೆ. "ಸುಮ್‌ಸುಮ್ನೆ ತಿರ್ಗಾಡಕ್ಕೆ ನಂಗೇನ್ ಹುಚ್ಚಾ?" ಎನ್ನುತ್ತಿದ್ದ ಅತ್ತೆ, ಬಿದಿರಿನ ಪುಟ್ಟಿ, ಕುಡುಗೋಲು ಹಿಡಿದು ಸೊಪ್ಪು ಕೊಯ್ಯುವ ನೆಪದಲ್ಲಿ ಹೊಳೆ ಕಡೆ ಹೊರಡುತ್ತಿದ್ದರು. ಅವರ ಹಿಂದೆ ನಾನು.

ಆ ನಡಿಗೆಯ ಸುಖವೇ ಸುಖ! ಮಳೆ ಹಿಂದೆಗೆದು ಅರ್ಕಾವತಿ ತಿಳಿಯಾಗಿ ಹರಿಯುತ್ತಿತ್ತು. ರಾಗಿ ಹೊಲದ ಸಾಲುಗಳ ನಡುವೆ ಹುಚ್ಚೆಳ್ಳಿನ ಹಳದಿ ಹೂ, ಇಳಿಬಿಸಿಲು, ಮೈಗೆ ಹಿತವಾದ ಗಾಳಿ. ಮನೆಯಲ್ಲಿ ಮುಖ ಬಿಗಿದುಕೊಂಡಿರುತ್ತಿದ್ದ ಅತ್ತೆ ಹೊಳೆ ಕಂಡೊಡನೆ ಮಾತಿನ ಮಲ್ಲಿ. ಅರ್ಧ ಊರಿನ ಸುದ್ದಿ ನನಗೆ ತಿಳಿದದ್ದು ಆ ದಂಡೆಯ ಮೇಲೆಯೇ.

ಒಂದು ದಿನ ನಾನು ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಅಡಗಿಸಿಟ್ಟೆ. ಅತ್ತೆಗೆ ರೇಗಿಹೋಯಿತು. "ನಿನ್ನೆ ಮೊನ್ನೆ ಬಂದೋಳು ನಂಗೆ ಬುದ್ಧಿ ಹೇಳ್ತೀಯಾ?" ಎಂದು ಪುಟ್ಟಿ ಎತ್ತಿಕೊಂಡು ಒಬ್ಬರೇ ಹೋಗಿಬಿಟ್ಟರು. ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಮನೆಯವರೂ ಕೆಲಸದಿಂದ ಬಂದಿರಲಿಲ್ಲ. ನಾನು ಹೊಳೆಗೆ ಓಡಿದೆ.

ದಂಡೆಯಲ್ಲಿ ಅತ್ತೆಯ ಚಪ್ಪಲಿ, ಪಕ್ಕದಲ್ಲಿ ಪುಟ್ಟಿ. ಅತ್ತೆ ಇಲ್ಲ. ಹಿಂದಿನ ದಿನದ ಮಳೆಗೆ ನೀರು ಕೆಂಪಾಗಿ ಏರಿತ್ತು. ಎದೆ ಧಸಕ್ಕೆಂದಿತು. ತಲೆ ಸುತ್ತಿ ನೀರಿಗೆ ಬಿದ್ದರೋ? ಸಿಟ್ಟಿನಲ್ಲಿ ಏನಾದರೂ ಮಾಡಿಕೊಂಡರೋ? ಒಂದು ಡಬ್ಬಿ ಬೆಲ್ಲಕ್ಕೆ ಎಂಥ ಅನಾಹುತ ತಂದೆ ಎನಿಸಿತು. "ಅತ್ತೇ! ಅತ್ತೇ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಉತ್ತರವಿಲ್ಲ. ಅಳುತ್ತಲೇ ನೀರಿಗೆ ಕಾಲಿಟ್ಟೆ.

"ಏ ಹುಡ್ಗಿ! ಚಪ್ಲಿ ಬಿಟ್ಟು ಇಳಿಯೇ! ಗಂಗಮ್ಮನ್ನ ಯಾರಾದ್ರೂ ಚಪ್ಲಿ ಕಾಲಲ್ಲಿ ತುಳೀತಾರಾ?"

ಆಚೆ ದಡದ ಪೊದೆಯ ಹಿಂದಿನಿಂದ ಬಂದ ಆ ಬೈಗುಳದಷ್ಟು ಸಿಹಿಯಾದ ಮಾತನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಅತ್ತೆ ಸೀರೆ ಎತ್ತಿಕಟ್ಟಿ, ನೀರು ಕಡಿಮೆ ಇರುವ ಕಡೆ ನಿಧಾನವಾಗಿ ದಾಟಿ ಬಂದರು. ಗಲ್ಲಕ್ಕೆ ಕರೀ ಬೀಜವೊಂದು ಅಂಟಿತ್ತು. ಮಡಿಲ ತುಂಬ ಸೀತಾಫಲ!

"ಅಷ್ಟು ಕೂಗಿದ್ನಲ್ಲ, ಓ ಅನ್ಬಾರ್ದಿತ್ತಾ?" ಎಂದೆ.

"ಬಾಯ್ ತುಂಬಾ ಹಣ್ಣಿತ್ತು ಕಣಮ್ಮ, ಹೆಂಗೆ ಓ ಅನ್ಲಿ?"

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅಳುತ್ತ ಅಳುತ್ತ ನಗು ಬಂತು. ಅತ್ತೆ ಪೆಚ್ಚಾಗಿ ಸೆರಗಿನಿಂದ ನನ್ನ ಕಣ್ಣೊರೆಸಿ, ಹಣ್ಣೊಂದನ್ನು ಬಿಡಿಸಿ ಅರ್ಧ ನನ್ನ ಕೈಗಿಟ್ಟರು. "ಡಾಕ್ಟ್ರಿಗೆ ಹೇಳ್ಬೇಡ."

"ನಿಮ್ಮ ಮಗನಿಗೆ?"

"ಅವನಿಗಂತೂ ಬೇಡ್ವೇ ಬೇಡ."

ಲಂಚ ತಿಂದೆ, ಬಾಯಿ ಮುಚ್ಚಿಕೊಂಡೆ. ಮರುದಿನದಿಂದ ಅವರನ್ನು ಒಬ್ಬರನ್ನೇ ಎಂದೂ ಬಿಡಲಿಲ್ಲ. ಸೀತಾಫಲದ ಕಾಲ ಮುಗಿಯುವ ತನಕ ಇಬ್ಬರಿಗೂ ಸೇರಿ ದಿನಕ್ಕೊಂದೇ ಹಣ್ಣು ಎಂಬ ಕರಾರಾಯಿತು. ದೊಡ್ಡ ಅರ್ಧ ಯಾವಾಗಲೂ ಅವರೇ ತೆಗೆದುಕೊಳ್ಳುತ್ತಿದ್ದರು.

ಈಗಲೂ ಮನೆಮಂದಿಯಲ್ಲಿ ಯಾರಾದರೂ ಬರುವುದು ತಡವಾದರೆ, ಕೂಗಿದರೆ ಓಗೊಡದಿದ್ದರೆ, ನನ್ನ ಎದೆ ಹಾಗೆಯೇ ಧಸಕ್ಕೆನ್ನುತ್ತದೆ. ಆಮೇಲೆ ನನಗೆ ನಾನೇ ಹೇಳಿಕೊಳ್ಳುತ್ತೇನೆ: ಏನೂ ಆಗಿರಲ್ಲ, ಬಾಯ್ ತುಂಬಾ ಹಣ್ಣಿರಬೇಕು.