ಏಳನೆಯ ವರ್ಷದ ಹೂವು

ಕೆಲಗೇರಿ ಕೆರೆಯ ಬಳಿ ಇಂಗ್ಲಿಷ್ ಸಾಹೇಬರೊಬ್ಬರ ಬಂಗಲೆಯಲ್ಲಿ ಗುಡ್ಡಪ್ಪ ಮಾಲಿಯಾಗಿದ್ದನು. ೧೯೩೧ರ ಮಳೆಗಾಲದಲ್ಲಿ ಅವನು ಮಾವಿನ ಮರಗಳ ದಟ್ಟ ನೆರಳಿನಲ್ಲಿ ಹಿಮಾಲಯದ ದೈತ್ಯ ಲಿಲಿಯ ಗಡ್ಡೆಯೊಂದನ್ನು ನೆಟ್ಟನು. ಅದು ಹೂ ಬಿಡಲು ಏಳು ವರ್ಷ ಬೇಕಂತೆ.

“ಮೊದಲನೇ ಹೂವು ನನಗ ಬೇಕ್ರಿ, ಮುಡಕೊಳ್ಳಾಕ,” ಎಂದಳು ಹೆಂಡತಿ ದೇವಕ್ಕ.

“ಕಹಳಿಯಂಥಾ ಹೂವದು. ಮುಡಕೊಂಡ್ರ ನಿನ್ನ ತಲೀನ ಕಾಣಂಗಿಲ್ಲ!” ಎಂದು ನಕ್ಕರೂ ಗುಡ್ಡಪ್ಪ, ಮೊದಲ ಹೂವು ಅವಳಿಗೇ ಎಂದು ಸಾಹೇಬರಿಂದ ಮಾತು ಪಡೆದನು.

ಆರನೆಯ ವರ್ಷ ಅವನು ಜ್ವರದಿಂದ ತೀರಿಕೊಂಡನು. ಅವನು ನೀರು ಹಾಕುತ್ತಿದ್ದ ಝಾರಿ ದೇವಕ್ಕನ ಕೈಗೆ ಬಂದಿತು.

ಮರುವರ್ಷ ಆಳೆತ್ತರದ ದಂಟಿನಲ್ಲಿ ಬಿಳಿಯ ಹೂಗಳು ತೂಗಿದವು. ಸಾಹೇಬರು ಮಾತು ಮರೆತಿರಲಿಲ್ಲ. ಮೊದಲ ಹೂವನ್ನು ತಾವೇ ಕೊಯ್ದು, “ಮುಡಿದುಕೋ, ದೇವಕ್ಕ,” ಎಂದರು. ಗಂಡ ಸತ್ತವಳು ಹೂ ಮುಡಿಯುವಂತಿಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ.

ದೇವಕ್ಕ ಸೆರಗೊಡ್ಡಿದಳು. “ಮನ್ಯಾಗ ಮುಡಕೋತೇನ್ರಿ,” ಎಂದಳು.

ಮನೆಗೆ ಬಂದು, ಗುಡ್ಡಪ್ಪನ ಝಾರಿಯಲ್ಲಿ ನೀರು ತುಂಬಿ, ಹೂವನ್ನು ಅದರಲ್ಲಿಟ್ಟಳು.