ಅಣ್ಣ ಬಿಗಿದ ಸ್ಕ್ರೂಗಳು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಣ್ಣನೂ ನಾನೂ ಚಾಮರಾಜಪೇಟೆಯಲ್ಲಿ ಮೋಟಾರ್ ಸೈಕಲ್ ಗ್ಯಾರೇಜು ನಡೆಸುತ್ತಿದ್ದೆವು. ಅಣ್ಣ ನನಗಿಂತ ತುಂಬ ದೊಡ್ಡವನು, ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವನೇ ಅವನು. ಇಂಜಿನ್ನಿಗೂ ಅದರ ಕವರಿಗೂ ನಡುವೆ ಕೂರುವ, ತೆಳ್ಳನೆಯ ರಟ್ಟಿನಂಥ ಗ್ಯಾಸ್ಕೆಟ್ಟಿಗೆ ನಾವು ಪ್ಯಾಕಿಂಗ್ ಅನ್ನುತ್ತಿದ್ದೆವು. ಅವನು ಹಾಕಿದ ಪ್ಯಾಕಿಂಗಿನಿಂದ ಎಣ್ಣೆ ಒಸರಿದ್ದನ್ನು ನಾನು ಕಂಡಿರಲಿಲ್ಲ.

ಆ ವರ್ಷ ಒಸರತೊಡಗಿತು. ಇವತ್ತು ಕೊಟ್ಟ ಗಾಡಿ ನಾಳಿದ್ದು ವಾಪಸು. ಮೊದಲು ಪ್ಯಾಕಿಂಗನ್ನೇ ಬೈದೆವು. ಕಲಾಸಿಪಾಳ್ಯದಲ್ಲಿ ಅಂಗಡಿ ಬದಲಾಯಿಸಿದೆವು. ಏನೂ ಆಗಲಿಲ್ಲ. ಬಸವನಗುಡಿಯ ಕಾಲೇಜು ಮೇಷ್ಟ್ರೊಬ್ಬರಂತೂ ಮತ್ತೆ ಮತ್ತೆ ಬಂದರು. ಗಾಡಿ ನಿಲ್ಲಿಸಿದ ಕಡೆಯೆಲ್ಲ ಎಣ್ಣೆ, ಬಾಗಿಲ ಮುಂದೆ ರಂಗೋಲಿ ಹಾಕೋಕೆ ಆಗ್ತಿಲ್ಲ ಅಂತ ಅವರ ಮನೆಯವರು ರೇಗುತ್ತಿದ್ದರಂತೆ.

"ನನಗಲ್ಲದಿದ್ರೂ ಅವಳಿಗೋಸ್ಕರ ಸರಿಮಾಡಿಕೊಡ್ರಪ್ಪ," ಅಂದರು.

ಅಣ್ಣ ಊಟಕ್ಕೆ ಹೋದಾಗ ಆ ಗಾಡಿಯ ಇಂಜಿನ್ ಕವರನ್ನು ನಾನೇ ಬಿಚ್ಚಿದೆ. ಒಂದು ಸ್ಕ್ರೂ ಎಷ್ಟು ಬಿಗಿಯಾಗಿತ್ತೆಂದರೆ ಅದರ ಕೆಳಗೆ ಪ್ಯಾಕಿಂಗ್ ನಜ್ಜುಗುಜ್ಜಾಗಿ ಹೊರಗೆ ಬಂದಿತ್ತು. ಅದರ ಪಕ್ಕದ್ದು ಬೆರಳಲ್ಲೇ ತಿರುಗಿತು. ನನಗೆ ಅರ್ಥವಾಗಲಿಲ್ಲ. ಹೊಸ ಪ್ಯಾಕಿಂಗ್ ಹಾಕಿ, ಸುಮ್ಮನೆ ಮುಚ್ಚಿಟ್ಟೆ.

ಅರ್ಥವಾಗಿದ್ದು ಇನ್ನೊಂದು ಬೆಳಿಗ್ಗೆ. ಆಗಷ್ಟೇ ಓಡಿಸಿಕೊಂಡು ಬಂದಿದ್ದ ಗಾಡಿಯ ಸೈಲೆನ್ಸರ್ ಮೇಲೆ ಅಂಗೈ ಊರಿಕೊಂಡು ಅಣ್ಣ ಗಿರಾಕಿಯ ಜೊತೆ ಮಾತಾಡುತ್ತಿದ್ದ. ಕೈ ತೆಗೆಯಲೇ ಇಲ್ಲ. ನಾನು ಓಡಿಹೋಗಿ ಎಳೆದೆ. ಅಂಗೈ ಕೆಂಪಾಗಿ ಬೊಬ್ಬೆ ಏಳುತ್ತಿತ್ತು. ಅವನು ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ. ಸಕ್ಕರೆ ಕಾಯಿಲೆ ಅವನಿಗೆ ಮೊದಲಿಂದ ಇತ್ತು. ಕಾಲು ಜೋಮು ಹಿಡಿಯುತ್ತೆ ಅಂತ ಅತ್ತಿಗೆ ಹೇಳುತ್ತಿದ್ದರು. ಕೈಯ ಸಂಗತಿ ಅವರಿಗೂ ಗೊತ್ತಿರಲಿಲ್ಲ.

ಮುಲಾಮು ಹಚ್ಚಿಸಿಕೊಂಡು ಮಾರನೆಯ ದಿನವೇ ಕೆಲಸಕ್ಕೆ ಬಂದ. ಅವನು ಊಟಕ್ಕೆ ಹೋಗುವುದನ್ನು ಕಾದು, ಅವನು ಕೂರಿಸಿದ ಕವರುಗಳನ್ನೆಲ್ಲ ಬಿಚ್ಚಿ ಮತ್ತೆ ಕೂರಿಸತೊಡಗಿದೆ. ಅಂಟಿಕೊಂಡ ಹಳೇ ಪ್ಯಾಕಿಂಗನ್ನು ಅಲ್ಯೂಮಿನಿಯಂ ಗೀಚದ ಹಾಗೆ ಕೆರೆಯಬೇಕು, ಪೆಟ್ರೋಲಿನಲ್ಲಿ ಒರೆಸಬೇಕು. ಸ್ಕ್ರೂಗಳನ್ನೆಲ್ಲ ಮೊದಲು ಬೆರಳಲ್ಲಿ ಕೂರಿಸಿ, ಆಮೇಲೆ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಲ್ಲಿ ನಿಲ್ಲಿಸಬೇಕೆಂದು ಕೈಗೇ ಗೊತ್ತಾಗಬೇಕು. ನನ್ನ ಕೆಲಸದ ಮೇಲೆ ಅವನದೂ ಸೇರಿ, ಎಷ್ಟೋ ದಿನ ನನ್ನ ಬುತ್ತಿ ಹಾಗೇ ಮನೆಗೆ ವಾಪಸು ಹೋಗುತ್ತಿತ್ತು. ಸಂಜೆ ಹೆಂಡತಿ ಏನಾದರೂ ಕೇಳಿದರೆ ಉತ್ತರ ಕೊಡುವಷ್ಟೂ ತ್ರಾಣ ಇರುತ್ತಿರಲಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ಅಣ್ಣ ಬೇಗ ವಾಪಸು ಬಂದುಬಿಟ್ಟ. ಅವನು ಬೆಳಿಗ್ಗೆ ಮುಗಿಸಿದ್ದ ಇಂಜಿನ್ನಿನ ಕವರು ನನ್ನ ಕೈಯಲ್ಲಿತ್ತು.

"ಎಷ್ಟು ದಿನದಿಂದ ಮಾಡ್ತಿದೀಯ?" ಅಂದ.

"ತುಂಬಾ ದಿನದಿಂದ."

ಕೂಗಾಡುತ್ತಾನೆ ಅಂದುಕೊಂಡೆ. ಅವನು ಬಂದು ಪಕ್ಕದಲ್ಲಿ ಕೂತ.

"ಯಾವ್ದು ಬಿಗಿ ಆಗಿದೆ, ಯಾವ್ದು ಇಲ್ಲ, ನಂಗೆ ಗೊತ್ತಾಗಲ್ಲ ಕಣೋ. ಕಣ್ಣಲ್ಲಿ ನೋಡಿ ಬಿಗೀತೀನಿ. ಅಂದಾಜು."

"ಹೇಳ್ಬಾರ್ದಿತ್ತಾ ಅಣ್ಣ?"

"ಹೇಳಿ? ಆಮೇಲೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?"

ನಾನು ಸ್ಕ್ರೂ ತಿರುಗಿಸುತ್ತ ಹೋದೆ. ಅವನು ನೋಡುತ್ತಿದ್ದ. "ಆ ಮೂಲೇದು ಮೊದಲು," ಅಂದ. ಆ ಮೂಲೆಯದನ್ನು ಬಿಗಿದೆ.

ಆ ವಾರ ಮೇಷ್ಟ್ರ ಗಾಡಿ ಮತ್ತೆ ಬಂತು. ಈ ಸಲ ಒಂದು ತೂತಿನ ಮರೆಯೇ, ಸ್ಕ್ರೂ ಹಿಡಿದುಕೊಳ್ಳುವ ಒಳಗಿನ ಸುರುಳಿ ಗೀರುಗಳೇ, ಸವೆದುಹೋಗಿ ಸ್ಕ್ರೂ ಕಚ್ಚುತ್ತಿರಲಿಲ್ಲ. ಅಣ್ಣನೇ ಇಂಜಿನ್ನನ್ನು ಆಟೋದಲ್ಲಿ ಕಲಾಸಿಪಾಳ್ಯದ ಲೇತ್ ಅಂಗಡಿಗೆ ಒಯ್ದು, ಹೊಸ ಮರೆ ಹಾಕಿಸಿಕೊಂಡು ಬಂದ. ಕವರಿನ ಅಂಚನ್ನು ಕನ್ನಡಕ ಏರಿಸಿ ಬೆಳಕಿಗೆ ಹಿಡಿದು ನೋಡಿದ. ಪ್ಯಾಕಿಂಗ್ ಇಟ್ಟವನು ಅವನು, ಬಿಗಿದವನು ನಾನು. ಅಂದಿನಿಂದ ಸ್ಪ್ಯಾನರ್ ಅವನು ಮುಟ್ಟಲಿಲ್ಲ. ಯಾವ ಇಂಜಿನ್ನಿಗೆ ಏನು ಕಾಯಿಲೆ ಎಂದು ಶಬ್ದ ಕೇಳಿ ಹೇಳುವುದು, ಸಾಮಾನು ತರುವುದು, ಗಿರಾಕಿಗಳ ಜೊತೆ ಮಾತು ಅವನ ಪಾಲಿಗೆ ಬಂತು. ಕಾಲು ಓಡಾಡಲು ಬಿಟ್ಟಷ್ಟು ದಿನ ಹಾಗೇ ನಡೆಯಿತು.

ಮೇಷ್ಟ್ರು ತಿಂಗಳು ಕಳೆದು ಬಂದರು. ಗಾಡಿ ಸರಿಯಾಗಿತ್ತು, ಸುಮ್ಮನೆ ಹೇಳಿ ಹೋಗಲು ಬಂದಿದ್ದರು. ಅಣ್ಣ ನಂಬದೆ ಬಗ್ಗಿ, ಬಿಳೀ ಬಟ್ಟೆಯಲ್ಲಿ ಇಂಜಿನ್ನಿನ ತಳ ಒರೆಸಿ ನನಗೆ ತೋರಿಸಿದ. ಧೂಳು ಬಿಟ್ಟರೆ ಏನೂ ಇರಲಿಲ್ಲ. ಅವನ ಮುಖದಲ್ಲಿ ಸಂತೋಷ ಇತ್ತು. ನನಗೂ ಆಗಬೇಕಿತ್ತು. ಇಷ್ಟು ದಿನ ಇಬ್ಬರ ಕೆಲಸ ಮಾಡಿ ದಣಿದಿದ್ದ ನನಗೆ ಒಂದು ಸ್ಟೂಲ್ ಎಳೆದುಕೊಂಡು ಸ್ವಲ್ಪ ಹೊತ್ತು ಕೂತರೆ ಸಾಕು ಅನ್ನಿಸಿತು, ಅಷ್ಟೆ.